ಗಾವಠಿ ಶಾಲೆಯ ಗಿಳಿಪಾಠ: ಕಲಿಕೆಯ ಚರಿತ್ರೆಯಲ್ಲಿ ಒಂದು ವಿಚಾರ

ಅರ್ಥವನ್ನರಿಯದೆ ಕಂಠಸ್ಥ ಮಾಡಿ ಒಪ್ಪಿಸುವ ವಿದ್ಯೆಗೆ ನಮ್ಮಲ್ಲಿ ‘ಗಿಳಿಪಾಠ’ವೆಂಬ ಹೆಸರು ರೂಢಿಯಲ್ಲಿದೆ. ಆಂಗ್ಲ ವಿದ್ಯಾಭ್ಯಾಸವು ಈ ನಾಡಿಗೆ ಬರುವುದಕ್ಕೆ ಮುಂಚೆ ಇದ್ದ ಗಾವಠಿ ಶಾಲೆಗಳ ಮಾತು ಬಂದಾಗಲೆಲ್ಲ ಈ ಒಂದೇ ಪದದಿಂದ ಅವುಗಳ ವಿಚಾರವನ್ನು ಮುಗಿಸಿಬಿಡುವವರು ಕೆಲವರು. ಅವುಗಳಲ್ಲಿ ಕುಂದೆಂಬುದೇ ಇರಲಿಲ್ಲವೆಂದೂ, ಚೆನ್ನಾಗಿ ಬೆಳೆದಿದ್ದ ಮರವನ್ನು ಪರಕೀಯರು ಬೇರುಸಹಿತ ಕಿತ್ತರೆಂದೂ ಹೇಳುವವರು ಮತ್ತೆ ಕೆಲವರು. ಈ ಎರಡು ಪಕ್ಷಗಳ ವಾಗ್ವಾದದಲ್ಲಿ ಮೂಲಭೂತವಾದ ಒಂದು ಪ್ರಶ್ನೆ ಹಿಂದೆ ಬಿದ್ದುಹೋಗಿದೆ. ಆ ಶಾಲೆಯ ಜಗಲಿಯ ಮೇಲೆ ಕುಳಿತ ಹುಡುಗನು ನಿಜವಾಗಿ ಕಲಿಯುತ್ತಿದ್ದುದು ಹೇಗೆ? ಪ್ರಾಣಿಗಳೂ ಮನುಷ್ಯರೂ ಕಲಿಯುವ ಬಗೆಯನ್ನು ಮನಶ್ಶಾಸ್ತ್ರಜ್ಞರು ನೂರಕ್ಕೂ ಹೆಚ್ಚು ವರ್ಷಗಳಿಂದ ಪ್ರಯೋಗಗಳ ಮೂಲಕ ಪರೀಕ್ಷಿಸುತ್ತ ಬಂದಿದ್ದಾರೆ. ಅವರ ನಿರ್ಣಯಗಳನ್ನು ನಮ್ಮ ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಇಂತಹ ದಾಖಲೆಗಳು ವಿರಳ. ಶಾಸನಗಳು ಅಗ್ರಹಾರ, ಘಟಿಕಾಸ್ಥಾನ, ಮಠಗಳಿಗೆ ಬಿಟ್ಟ ದತ್ತಿಗಳನ್ನೂ ಅಲ್ಲಿ ವ್ಯಾಖ್ಯಾನಿಸುತ್ತಿದ್ದ ಶಾಸ್ತ್ರಗಳ ಹೆಸರುಗಳನ್ನೂ ವಿಸ್ತಾರವಾಗಿ ಹೇಳುತ್ತವೆ. ಐದು ವರ್ಷದ ಮಗುವಿಗೆ ‘ಅ’ಕಾರವನ್ನು ಹೇಗೆ ಕಲಿಸುತ್ತಿದ್ದರೆಂಬುದನ್ನು ಹೇಳುವ ಅಗತ್ಯ ಅವನ್ನು ಬರೆಯಿಸಿದವರಿಗೆ ಇರಲಿಲ್ಲ. ನಿತ್ಯವೂ ಕಣ್ಣಮುಂದೆ ನಡೆಯುವುದನ್ನು ಯಾರೂ ಬರೆದಿಡುವುದಿಲ್ಲ. ಹೊರಗಿನಿಂದ ಬಂದವನಿಗೆ ಮಾತ್ರ ಅದು ವಿಚಿತ್ರವಾಗಿ ಕಾಣುತ್ತದೆ. ಆದುದರಿಂದಲೇ ನಮ್ಮ ಮುಖ್ಯ ಸಾಕ್ಷಿಗಳಿಬ್ಬರೂ ಪರದೇಶಿಯರು: ಒಬ್ಬನು ೧೬೨೩ರಲ್ಲಿ ಇಕ್ಕೇರಿಗೆ ಪಯಣ ಮಾಡಿದ ಇತಾಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಇನ್ನೊಬ್ಬನು ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್. ಇಬ್ಬರ ನಡುವೆ ಸರಿಯಾಗಿ ಇನ್ನೂರು ವರ್ಷಗಳ ಅಂತರವಿದೆ.

ಕಾಲದಲ್ಲಿ ಈಚಿನವನಾದರೂ ಕ್ಯಾಂಪ್‌ಬೆಲ್ಲನ ಸಾಕ್ಷ್ಯ ಹೆಚ್ಚು ವಿವರವಾಗಿರುವುದರಿಂದ ಅದನ್ನು ಮೊದಲು ತೆಗೆದುಕೊಳ್ಳೋಣ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರ ಜೂನ್ ೨೫ರಂದು ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಿದನು. ಬಹುಮಂದಿ ಕಲೆಕ್ಟರರು ಕೇಳಿದ ಅಂಕಿಗಳನ್ನಷ್ಟೇ ತುಂಬಿ ಕಳುಹಿಸಿ ಕೈತೊಳೆದುಕೊಂಡರು. ತೆಲುಗು ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಕ್ಯಾಂಪ್‌ಬೆಲ್ ಮಾತ್ರ ೧೮೨೩ರ ಆಗಸ್ಟ್ ೧೭ರ ತನ್ನ ಪತ್ರದಲ್ಲಿ ಶಾಲೆಯೊಳಗೆ ಹೊಕ್ಕು ನೋಡಿದವನಂತೆ ಬರೆದನು. ಅವನ ಲೆಕ್ಕದಂತೆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು: ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದು. ವಿದ್ಯಾರ್ಥಿಗಳು ೬,೬೪೧. ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಬೆಳಿಗ್ಗೆ ಆರು ಗಂಟೆಗೆ ಶಾಲೆ ಆರಂಭವಾಗುತ್ತಿತ್ತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನು ಹೊಗಳಿಕೆಗೂ ತೆಗಳಿಕೆಗೂ ಪಾತ್ರನಲ್ಲವೆಂದು ಅದರ ತಾತ್ಪರ್ಯ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಹನ್ನೆರಡು ಮಕ್ಕಳ ಶಾಲೆಯಲ್ಲಿ ಕೊನೆಯವನ ಪಾಲಿಗೆ ಹತ್ತು ಪೆಟ್ಟು ಬೀಳುತ್ತಿದ್ದವೆಂದು ನಾವೇ ಲೆಕ್ಕ ಹಾಕಬಹುದು. ಸೋಮಾರಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆಗಳಿದ್ದವು: ಕೈಗಳನ್ನು ಕಟ್ಟಿ ಜಂತಿಗೆ ತೂಗಹಾಕುವುದು, ನಿಲ್ಲಿಸದೆ ಮೊಣಕಾಲೂರಿಸಿ ಏಳಿಸುವುದು.

ಮನಶ್ಶಾಸ್ತ್ರದ ಪ್ರಾರಂಭಿಕ ಗ್ರಂಥವನ್ನು ಓದಿದ ವಿದ್ಯಾರ್ಥಿಗೆ ಇಲ್ಲಿ ಥಾರ್ನ್‌ಡೈಕನ ನೆನಪಾಗದಿರದು. ಅಮೆರಿಕದ ಈ ವಿದ್ವಾಂಸನು ೧೮೯೮ರಲ್ಲಿ ಹಸಿದ ಬೆಕ್ಕನ್ನು ಪಟ್ಟಿಗಳಿಂದ ಮಾಡಿದ ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಆಹಾರವನ್ನಿಟ್ಟನು. ಒಳಗಿನ ಕುಣಿಕೆಯನ್ನೆಳೆದರೆ ಇಲ್ಲವೆ ಹಲಗೆಯೊಂದನ್ನು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕು ಪರಚಿ, ಕಚ್ಚಿ, ಹೊರಳಾಡಿ, ಅಕಸ್ಮಾತ್ತಾಗಿ ಕುಣಿಕೆಯನ್ನೆಳೆದು ಹೊರಬಿದ್ದಿತು. ಮತ್ತೆ ಮತ್ತೆ ಕೂಡಿದಾಗ ಹೊರಬರಲು ಅದಕ್ಕೆ ಹಿಡಿಯುವ ವೇಳೆ ಏರಿಳಿಯುತ್ತಲೇ ಕ್ರಮೇಣ ಕಡಮೆಯಾಯಿತು. ತೃಪ್ತಿಯಲ್ಲಿ ಕೊನೆಗೊಂಡ ಕ್ರಿಯೆ ಆ ಸನ್ನಿವೇಶಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಬೇಸರದಲ್ಲಿ ಕೊನೆಗೊಂಡದ್ದು ಕಳಚಿಕೊಳ್ಳುತ್ತದೆ ಎಂಬುದು ಅವನ ‘ಪರಿಣಾಮ ನಿಯಮ’. ಅಂಗೈಯ ಸರಸ್ವತಿಯೂ ಬೆನ್ನಿನ ಪೆಟ್ಟೂ ಈ ನಿಯಮದ ಎರಡು ಮುಖಗಳೆಂದು ತೋರಬಹುದು.

ಆದರೆ ಸ್ವಲ್ಪ ನಿಂತು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಗೌರವವಾಗಲಿ ಪೆಟ್ಟಾಗಲಿ ಯಾವುದಕ್ಕೆ ಪ್ರತಿಫಲವಾಗಿ ಬರುತ್ತಿತ್ತು? ಅಕ್ಷರವನ್ನು ತಿದ್ದಿದುದಕ್ಕಲ್ಲ, ಬೇಗನೆ ಬಂದುದಕ್ಕೆ. ಪರಿಣಾಮವು ಯಾವ ಕ್ರಿಯೆಯ ಬೆನ್ನಿಗೇ ಬರುತ್ತದೋ ಆ ಕ್ರಿಯೆಯನ್ನು ಮಾತ್ರ ಅದು ಬಲಪಡಿಸುತ್ತದೆ. ಆದುದರಿಂದ ಬೆತ್ತವು ಕಲಿಸಿದುದು, ಅದು ಏನನ್ನಾದರೂ ಕಲಿಸಿದ್ದರೆ, ಕೋಳಿ ಕೂಗುವ ಹೊತ್ತಿಗೆ ಎದ್ದು ಓಡುವುದನ್ನು. ಊರ ಹೊರಗೆ ಮನೆಯಿದ್ದ ಹುಡುಗನಿಗೆ ಅದನ್ನೂ ಕಲಿಸಿತೆಂದು ಹೇಳುವಂತಿಲ್ಲ. ಥಾರ್ನ್‌ಡೈಕನೇ ಮುಂದೆ ೧೯೩೨ರಲ್ಲಿ ತನ್ನ ನಿಯಮವನ್ನು ತಿದ್ದಿಕೊಂಡನು: ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ‘ಸರಿ’ ಎಂಬ ಮಾತು ಉತ್ತರವನ್ನು ಸ್ಪಷ್ಟವಾಗಿ ಬಲಪಡಿಸಿತು, ‘ತಪ್ಪು’ ಎಂಬ ಮಾತು ತಪ್ಪು ಉತ್ತರವನ್ನು ಅದೇ ಪ್ರಮಾಣದಲ್ಲಿ ದುರ್ಬಲಗೊಳಿಸಲಿಲ್ಲ. ಇಲಿಗಳ ಮೇಲೆ ಪ್ರಯೋಗ ನಡೆಸಿದ ಸ್ಕಿನ್ನರನೂ ೧೯೩೮ರಲ್ಲಿ, ದಂಡನೆಯು ವರ್ತನೆಯನ್ನು ಸ್ವಲ್ಪ ಕಾಲ ಅದುಮಿಡುತ್ತದೆಯೇ ಹೊರತು ಅಳಿಸುವುದಿಲ್ಲವೆಂಬ ನಿರ್ಣಯಕ್ಕೆ ಬಂದನು. ಗಾವಠಿ ಶಾಲೆಯಲ್ಲಿ ಅಕ್ಷರವಿದ್ಯೆ ಬಂದಿದ್ದರೆ ಅದು ಬೆತ್ತದಿಂದ ಬಂದುದಲ್ಲ. ಹಾಗಾದರೆ ಎಲ್ಲಿಂದ ಬಂದಿತು?

ಕ್ಯಾಂಪ್‌ಬೆಲ್ಲನು ಕೊಡುವ ಉಳಿದ ವಿವರಗಳಲ್ಲಿ ಇದರ ಸೂಚನೆಯಿದೆ. ಮಗು ಮೊದಲು ಮಾಡುತ್ತಿದ್ದುದು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವ ಕೆಲಸ. ಯುರೋಪಿನ ಮಗುವಿನಂತೆ ಅಕ್ಷರಮಾಲೆಯನ್ನು ಮೊದಲು ಬಾಯಿಂದ ಹೇಳಿ ಅನಂತರ ಬರೆಯುವುದಲ್ಲ. ಬರೆಯುತ್ತಲೇ ಅಕ್ಷರವನ್ನು ಗುರುತಿಸುವುದು. ಈ ಭೇದವನ್ನು ಕ್ಯಾಂಪ್‌ಬೆಲ್ ವಿಶೇಷವಾಗಿ ಗಮನಿಸಿದ್ದಾನೆ. ಮುಂದೆ ೧೯೦೭ರಲ್ಲಿ ರೋಮಿನಲ್ಲಿ ಶಿಶುಶಾಲೆಯನ್ನು ತೆರೆದ ಮಾರಿಯಾ ಮಾಂಟೆಸ್ಸರಿ ಮರಳು ಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿ, ಓದಿಗಿಂತ ಮೊದಲು ಬರಹವನ್ನು ಕಲಿಸಿದುದು ಜಗತ್ತಿಗೆ ಹೊಸ ಶೋಧವಾಗಿ ಕಂಡಿತು. ಆಕೆ ೧೯೩೯ರಲ್ಲಿ ಮದರಾಸಿಗೆ ಬಂದಾಗ, ಮರಳಿನ ಮೇಲೆ ಬೆರಳಾಡಿಸಿಯೇ ಅಕ್ಷರ ಕಲಿತಿದ್ದ ಮುದುಕರು ನಮ್ಮ ಹಳ್ಳಿಗಳಲ್ಲಿ ಇನ್ನೂ ಬದುಕಿದ್ದರು.

ಮರಳಿನಲ್ಲಿ ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಕ್ಯಾಂಪ್‌ಬೆಲ್ಲನ ಇಂಗ್ಲಿಷ್ ಕಾಗುಣಿತದಲ್ಲಿ ವಿಕಾರಗೊಂಡಿರುವ ಈ ಪದಗಳು ನಮಗೆ ಅಪರಿಚಿತವಲ್ಲ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನುಣುಪಾದ ಮರದ ತುಂಡು. ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು. ಇಂದು ನಮ್ಮ ಸರಕಾರಿ ಕಚೇರಿಗಳಲ್ಲಿ ವರ್ಷಗಟ್ಟಲೆ ಮಲಗುವ ಕಡತಕ್ಕೂ, ಹುಡುಗನು ದಿನಕ್ಕೆ ಹತ್ತು ಸಲ ಬರೆದು ಅಳಿಸುತ್ತಿದ್ದ ಕಡತಕ್ಕೂ ಹೆಸರೊಂದೇ. ಅಳಿಸಲು ಬರುವ ಸಾಧನವೆಂಬುದು ಕಲಿಕೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ. ಕಾಗದದ ಮೇಲಿನ ತಪ್ಪು ಉಳಿಯುತ್ತದೆ, ನಾಚಿಸುತ್ತದೆ, ಹಣವನ್ನೂ ನುಂಗುತ್ತದೆ. ಮರಳಿನ ಮೇಲಿನ ತಪ್ಪಿಗೆ ಯಾವ ಬೆಲೆಯೂ ಇಲ್ಲ.

ಈಗ ಮೊದಲನೆಯ ಸಾಕ್ಷಿಯ ಕಡೆಗೆ ತಿರುಗೋಣ. ೧೬೨೩ರ ನವೆಂಬರಿನಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಕಳುಹಿಸಿದ ರಾಯಭಾರದೊಡನೆ ದೆಲ್ಲಾ ವಾಲ್ಲೆ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿದನು. ಸಾಮಾನುಗಳನ್ನು ಹೊರೆ ಕಟ್ಟುವಷ್ಟರಲ್ಲಿ ಅವನು ಒಂದು ದೇವಾಲಯದ ಮುಖಮಂಟಪದಲ್ಲಿ ಕಾಲ ಕಳೆಯುತ್ತಿದ್ದಾಗ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದು ಕಣ್ಣಿಗೆ ಬಿದ್ದಿತು. ಉಪಾಧ್ಯಾಯನು ಅಲ್ಲಿರಲಿಲ್ಲ. ನಾಲ್ವರೂ ಒಂದೇ ಪಾಠವನ್ನು ಅವನಿಂದ ಪಡೆದು ಬಂದಿದ್ದರು. ಒಬ್ಬನು ಎಳೆದ ರಾಗದಲ್ಲಿ ಪಾಠದ ಒಂದು ಭಾಗವನ್ನು ಹಾಡುತ್ತ, ಹಾಡಿದ ಅಂಕಿಯನ್ನು ಸಣ್ಣ ಮರಳು ಹರಡಿದ ನೆಲದ ಮೇಲೆ ಬೆರಳಿನಿಂದ ಬರೆಯುವನು. ಒಡನೆಯೇ ಉಳಿದ ಮೂವರೂ ಅದನ್ನೇ ಹಾಡಿ ಅದನ್ನೇ ಬರೆಯುವರು. ಅನಂತರ ಮುಂದಿನ ಭಾಗ. ಪ್ರವಾಸಿಯು ಕೊಡುವ ಉದಾಹರಣೆಗಳನ್ನು ನೋಡಿದರೆ, ಧಾರವಾಡದ ಯಾವ ಮುದುಕನಾದರೂ ಅದು ‘ಒಂದೊಂದಲೆ ಒಂದು, ಎರಡೊಂದಲೆ ಎರಡು’ ಎಂಬ ಮಗ್ಗಿಯೆಂದು ಕೂಡಲೇ ಹೇಳಿಯಾನು. ನೆಲವೆಲ್ಲ ಅಂಕಿಗಳಿಂದ ತುಂಬಿದಾಗ ಕೈಯಿಂದ ಅಳಿಸಿ, ಪಕ್ಕದಲ್ಲಿದ್ದ ಗುಡ್ಡೆಯಿಂದ ಹೊಸ ಮರಳು ಚೆಲ್ಲಿ ಮುಂದುವರಿಸುತ್ತಿದ್ದರು. ರಾಗವು ಪಾಠವನ್ನು ಮನಸ್ಸಿನಲ್ಲಿ ಆಳವಾಗಿ ನಾಟಿಸುತ್ತದೆಂಬುದನ್ನೂ ಅವನು ಗುರುತಿಸಿದ್ದಾನೆ.

ಆ ಬಳಿಕ ಅವನು ಕೇಳಿದ ಒಂದು ಪ್ರಶ್ನೆಗಾಗಿ ನಾವು ಅವನಿಗೆ ಋಣಿಗಳಾಗಿರಬೇಕು. ಗುರುವಿಲ್ಲದಿರುವಾಗ ನಿಮ್ಮಲ್ಲಿ ಯಾರಾದರೂ ಮರೆತರೆ, ತಪ್ಪಿದರೆ, ತಿದ್ದುವವರು ಯಾರು ಎಂದು ಅವನು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದಲೆಂದೇ ಕೂಡಿ ಕಲಿಯುತ್ತೇವೆ ಎಂದು ಆ ಹುಡುಗರು ಉತ್ತರವಿತ್ತರು.

ಕಲಿಕೆಯ ಶಾಸ್ತ್ರದ ಒಂದು ಮುಖ್ಯ ಸಿದ್ಧಾಂತವೇ ಈ ಉತ್ತರದಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಅಭ್ಯಾಸವೊಂದರಿಂದಲೇ ವಿದ್ಯೆ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಥಾರ್ನ್‌ಡೈಕನೂ ಮೊದಲಲ್ಲಿ ‘ಅಭ್ಯಾಸ ನಿಯಮ’ವೆಂಬುದೊಂದನ್ನು ಹೇಳಿದ್ದನು. ಅದನ್ನು ಪರೀಕ್ಷಿಸಲು ಅವನು ಜನರಿಗೆ ಕಣ್ಣು ಮುಚ್ಚಿಕೊಂಡು ನಾಲ್ಕು ಅಂಗುಲದ ಗೆರೆಯನ್ನು ಸಾವಿರಾರು ಸಲ ಎಳೆಯಹೇಳಿದನು. ಎಳೆದುದು ಉದ್ದವಾಯಿತೋ ಗಿಡ್ಡವಾಯಿತೋ ಎಂಬುದನ್ನು ಅವರಿಗೆ ತಿಳಿಸಲಿಲ್ಲ. ಸಾವಿರಾರು ಗೆರೆಗಳ ಅನಂತರವೂ ಸುಧಾರಣೆ ಕಾಣಲಿಲ್ಲ. ೧೯೩೧ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಮಾಡಿದುದರ ಫಲವು ಮಾಡುವವನಿಗೆ ತಿಳಿಯದಿದ್ದರೆ ಬರಿಯ ಆವರ್ತನೆ ನಿಷ್ಫಲವೆಂಬುದು ಸ್ಥಾಪಿತವಾಯಿತು. ಘಟ್ಟದ ಮೇಲಿನ ನಾಲ್ವರಿಗೆ ತಮ್ಮ ತಪ್ಪು ಆ ಕ್ಷಣದಲ್ಲಿಯೇ ಗೊತ್ತಾಗುತ್ತಿತ್ತು: ಪಕ್ಕದವನ ಮರಳಿನಲ್ಲಿ ಬೇರೆ ಅಂಕಿ ಮೂಡಿರುತ್ತಿತ್ತು. ಕಿವಿ, ಬಾಯಿ, ಕೈ, ಕಣ್ಣು ನಾಲ್ಕೂ ಒಂದೇ ಪಾಠಕ್ಕೆ ತೊಡಗಿದ್ದವು, ಪೆಟ್ಟಿನ ಭಯವಿರಲಿಲ್ಲ. ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಅದನ್ನು ಮುಚ್ಚಿ ಒಪ್ಪಿಸಲು ಯತ್ನಿಸುವುದು ಹೆಚ್ಚು ಫಲಕಾರಿಯೆಂದು ಆರ್ಥರ್ ಗೇಟ್ಸ್ ೧೯೧೭ರಲ್ಲಿ ತೋರಿಸಿದನು. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ, ಒಂದು ವಾರದ ಅನಂತರ ಹೆಚ್ಚು ನೆನಪಿಟ್ಟವರು ಪಾಠವನ್ನು ಪುನಃ ಓದಿದವರಲ್ಲ, ನೆನಪಿನಿಂದ ಬರೆದು ನೋಡಿದವರು ಎಂದು ಅದನ್ನೇ ದೃಢಪಡಿಸಿದರು. ನಾವು ಹೇಳಿ ಬರೆಯಿಸಿದ ಟಿಪ್ಪಣಿಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಾಡಿಸುವ ನಮ್ಮ ಇತಿಹಾಸದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಗೆಳೆಯನೇ ಗುರುವಾಗುವ ಈ ಪದ್ಧತಿ ೧೮೨೩ರ ಬಳ್ಳಾರಿಯಲ್ಲಿಯೂ ಜೀವಂತವಾಗಿತ್ತು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕೆಳಗಿನವರನ್ನು ಮೇಲಿನ ಹುಡುಗರಿಗೆ ಒಪ್ಪಿಸುತ್ತಿದ್ದರು. ಕಲಿಸುವವನ ಜ್ಞಾನವೂ ಇದರಿಂದ ಗಟ್ಟಿಯಾಗುತ್ತದೆಂದು ಮೆಚ್ಚಿಕೊಂಡ ಕ್ಯಾಂಪ್‌ಬೆಲ್, ಇಂಗ್ಲಂಡು ಇದನ್ನು ಅನುಕರಿಸಿದುದು ಯೋಗ್ಯವೇ ಆಯಿತೆಂದು ಬರೆದನು. ಅವನ ಮನಸ್ಸಿನಲ್ಲಿದ್ದವನು ಆಂಡ್ರ್ಯೂ ಬೆಲ್. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದಾಗ ಬೆಲ್ ಮಲಬಾರಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಆಚರಣೆಗೆ ತಂದನು; ೧೭೯೭ರಲ್ಲಿ ಲಂಡನಿನಲ್ಲಿ ಪುಸ್ತಕ ಪ್ರಕಟಿಸಿದನು. ಅಲ್ಲಿ ಅದು ‘ಮದರಾಸು ಪದ್ಧತಿ’ಯೆಂದು ಹೆಸರಾಯಿತು. ಆದರೆ ನೂರಾರು ಮಕ್ಕಳನ್ನು ಒಬ್ಬ ಉಪಾಧ್ಯಾಯನಿಂದ ಅಗ್ಗವಾಗಿ ಕಲಿಸುವ ಯಂತ್ರವಾಗಿ ಅದು ಅಲ್ಲಿ ಮಾರ್ಪಟ್ಟಿತು. ಹನ್ನೆರಡು ಮಕ್ಕಳ ಜಗಲಿಯಲ್ಲಿ ಹುಟ್ಟಿದ ಕ್ರಮ ಅದು. ನೂರಾರು ಜನರ ಸಾಲಿನಲ್ಲಿ ಪಕ್ಕದವನ ತಪ್ಪನ್ನು ಕಾಣುವವರಾರು?

ಅಕ್ಷರ, ಕಾಗುಣಿತ, ಒತ್ತಕ್ಷರಗಳಾದ ಮೇಲೆ ಬಳ್ಳಾರಿಯ ಹುಡುಗನು ಜನರ, ಊರುಗಳ, ಪ್ರಾಣಿಗಳ ಹೆಸರುಗಳನ್ನು ಬರೆಯುತ್ತಿದ್ದನು. ಆಮೇಲೆ ಲೆಕ್ಕ. ಭಿನ್ನರಾಶಿಗಳ ಬಗ್ಗೆ ಬಹಳ ಶ್ರಮ ವಹಿಸುತ್ತಿದ್ದರು. ಅವು ಹತ್ತರ ಕ್ರಮದಲ್ಲಲ್ಲದೆ ನಾಲ್ಕರ ಕ್ರಮದಲ್ಲಿ ಇಳಿಯುತ್ತಿದ್ದವು: ಕಾಲು, ಅದರ ಕಾಲು ಭಾಗ ವೀಸ, ವೀಸದ ಕಾಲು ಭಾಗ ಕಾಣಿ. ಹಣ, ಅಡ್ಡ, ಹಾಗಗಳಲ್ಲಿ ಸಂತೆಯ ವ್ಯವಹಾರ ನಡೆಯುತ್ತಿದ್ದ ಊರಿನಲ್ಲಿ ಇದು ಗಿಳಿಪಾಠವಾಗಿ ಉಳಿಯುವಂತಿರಲಿಲ್ಲ. ಲೆಕ್ಕ ತಪ್ಪಿದವನನ್ನು ಸಂತೆಯೇ ತಿದ್ದುತ್ತಿತ್ತು. ಇದಲ್ಲದೆ ಉಪಾಧ್ಯಾಯನು ಅಲ್ಲಿಂದಿಲ್ಲಿಂದ ಕೂಡಿಸಿದ ಹಳೆಯ ಪತ್ರಗಳನ್ನು ಕೊಟ್ಟು, ನಾನಾ ಕೈಬರಹಗಳನ್ನು ಓದುವ ಅಭ್ಯಾಸ ಮಾಡಿಸುತ್ತಿದ್ದನು. ಕರಾರುಪತ್ರ ಬರೆಯಲು ಕಲಿಸುತ್ತಿದ್ದನು. ಕುಲಕರ್ಣಿಯ ಮೋಡಿ ಬರಹದೊಡನೆ ಸೆಣಸಾಡುವ ನಮ್ಮ ಸಂಶೋಧಕರಿಗೆ ಈ ಪಾಠವೊಂದು ಇಂದಿಗೂ ಇದ್ದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಕ್ಯಾಂಪ್‌ಬೆಲ್ಲನ ಆಕ್ಷೇಪ ಬರುವುದು ಇದರ ಮುಂದಿನ ಘಟ್ಟದಲ್ಲಿ. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲ ಶಾಲೆಗಳಲ್ಲಿಯೂ, ಬಸವಪುರಾಣ, ಚೆನ್ನಬಸವಪುರಾಣ ಮೊದಲಾದವು ಲಿಂಗವಂತರ ಮಕ್ಕಳಲ್ಲಿಯೂ ಬಳಕೆಯಲ್ಲಿದ್ದವು. ಇವೆಲ್ಲ ಪದ್ಯಗ್ರಂಥಗಳು, ಇವುಗಳ ಭಾಷೆಗೂ ಆಡುಮಾತಿಗೂ ಬಹಳ ದೂರ. ಅಸಂಖ್ಯ ಪದ್ಯಗಳನ್ನು ಹುಡುಗರು ತಪ್ಪಿಲ್ಲದೆ ಹೇಳುತ್ತಾರೆ, ಆದರೆ ಮಾತು ಕಲಿಸಿದ ಗಿಳಿಗೆ ತಿಳಿದಷ್ಟೇ ಅರ್ಥ ಅವರಿಗೆ ತಿಳಿದಿದೆ, ಅನೇಕ ಉಪಾಧ್ಯಾಯರಿಗೂ ಅರ್ಥ ಹೇಳಲು ಬಾರದು ಎಂಬುದು ಅವನ ದೂರು.

ಈ ದೂರನ್ನು ಪರಕೀಯನ ಅಸಹನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಗ್ಗಿಯನ್ನು ಅಷ್ಟು ಮೆಚ್ಚಬಹುದಾದ ಶಾಲೆಯೇ ಕಾವ್ಯದಲ್ಲಿ ಸೋತಿತೆಂದು ನನಗೆ ತೋರುತ್ತದೆ, ಕಾರಣವೂ ಒಂದೇ. ಮಗ್ಗಿಯಲ್ಲಿ ತಪ್ಪಿದರೆ ಗೆಳೆಯನಿಗೆ ಗೊತ್ತಾಗುತ್ತದೆ. ಪದ್ಯದಲ್ಲಿ ಅಕ್ಷರ ತಪ್ಪಿದರೂ ಗೊತ್ತಾಗುತ್ತದೆ. ಆದರೆ ಅರ್ಥ ತಪ್ಪಿದರೆ, ಇಲ್ಲವೆ ಅರ್ಥವೇ ಇಲ್ಲದಿದ್ದರೆ, ಅದನ್ನು ತೋರಿಸಿಕೊಡುವ ಯಾವ ಏರ್ಪಾಡೂ ಅಲ್ಲಿರಲಿಲ್ಲ. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪಲಾರರೆಂಬ ಘಟ್ಟದ ಹುಡುಗರ ಯುಕ್ತಿ ಇಲ್ಲಿ ಕೆಲಸಕ್ಕೆ ಬಾರದು. ಹನ್ನೆರಡು ಮಂದಿಯೂ ಗುರುವೂ ಒಂದೇ ಕಡೆಯಲ್ಲಿ ಎಡವುತ್ತಿದ್ದರು. ಅರ್ಥದ ಪ್ರಭಾವ ಎಷ್ಟೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸನು ೧೮೮೫ರಲ್ಲಿಯೇ ತನ್ನ ಮೇಲೆ ಪ್ರಯೋಗ ನಡೆಸಿ ಅಳೆದಿದ್ದನು: ಅರ್ಥವಿಲ್ಲದ ಅಕ್ಷರಪುಂಜಗಳಿಗೆ ಹೋಲಿಸಿದರೆ ಬೈರನ್ನನ ಪದ್ಯಗಳನ್ನು ಕಂಠಸ್ಥ ಮಾಡಲು ಅವನಿಗೆ ಸುಮಾರು ಹತ್ತನೆಯ ಒಂದು ಪಾಲು ಶ್ರಮ ಸಾಕಾಯಿತು. ಅರ್ಥವನ್ನು ಬಿಟ್ಟು ಪದ್ಯವನ್ನು ಹೇರಿದ ಶಾಲೆ ಮಕ್ಕಳ ಶ್ರಮವನ್ನು ವೃಥಾ ಹೆಚ್ಚಿಸಿತೆಂದೇ ಹೇಳಬೇಕಾಗುತ್ತದೆ. ಬಾಲ್ಯದಲ್ಲಿ ಬಾಯಿಗೆ ಬಂದುದು ಮುಂದೆ ಪುರಾಣ ಪ್ರವಚನಗಳನ್ನು ಕೇಳುವಾಗ ಬೆಳಕು ಪಡೆಯುತ್ತಿತ್ತೆಂಬ ಸಮಾಧಾನವುಂಟು, ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಅದು ದೇವಾಲಯದ, ಮಠದ ಹಿರಿಮೆ, ಶಾಲೆಯದಲ್ಲ.

ಇಷ್ಟಾದರೂ ಕ್ಯಾಂಪ್‌ಬೆಲ್ಲನು ಗಿಳಿಗೆ ಅನ್ಯಾಯ ಮಾಡಿದನು. ಗಿಳಿ ಕಲಿಯುವುದರಲ್ಲಿಯೂ ಭೇದಗಳುಂಟು. ನಮ್ಮ ಸಂತೆಗಳಲ್ಲಿ ಶಕುನ ಹೇಳುವವನ ಗಿಳಿ ಪಂಜರದಿಂದ ಹೊರಬಂದು ಒಂದು ಚೀಟಿಯನ್ನೆಳೆದು, ಕಾಳೊಂದನ್ನು ಪಡೆದು ಒಳಗೆ ಹೋಗುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಅದು ಥಾರ್ನ್‌ಡೈಕನ ಬೆಕ್ಕಿನ ಕಲಿಕೆ. ಚೀಟಿಗೂ ಕಾಳಿಗೂ ಸ್ವಾಭಾವಿಕವಾದ ಸಂಬಂಧವಿಲ್ಲ. ಚೀಟಿಯಲ್ಲಿ ಏನು ಬರೆದಿದೆಯೆಂಬುದು ಗಿಳಿಗೆ ಬೇಕಾಗಿಯೂ ಇಲ್ಲ. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ ೧೯೭೭ರಲ್ಲಿ ಆಫ್ರಿಕದ ಬೂದು ಗಿಳಿಯೊಂದನ್ನು ಕೊಂಡು ಬೇರೆ ಮಾರ್ಗವನ್ನು ಹಿಡಿದಳು. ಆ್ಯಲೆಕ್ಸ್ ಎಂಬ ಆ ಗಿಳಿಯ ಎದುರಿಗೆ ಇಬ್ಬರು ಮನುಷ್ಯರು ಕೂಡುವರು. ಒಬ್ಬರು ಕೀಲಿಕೈಯನ್ನೋ ಮರದ ತುಂಡನ್ನೋ ಹಿಡಿದು ಇದೇನೆಂದು ಕೇಳುವರು. ಇನ್ನೊಬ್ಬರು ಸರಿಯಾಗಿ ಹೆಸರಿಸಿದರೆ ಆ ವಸ್ತುವೇ ಅವರ ಕೈಗೆ ಬರುವುದು, ತಪ್ಪಿದರೆ ವಸ್ತು ಮರೆಯಾಗುವುದು. ಆಮೇಲೆ ಇಬ್ಬರೂ ಸ್ಥಾನ ಬದಲಿಸುವರು. ನೋಡುತ್ತ ಕುಳಿತ ಗಿಳಿ ಸಹಪಾಠಿಯಾಗಿ, ಪ್ರತಿಸ್ಪರ್ಧಿಯಾಗಿ ನಡುವೆ ಬಾಯಿ ಹಾಕುವುದು. ಪ್ರತಿಫಲವು ಕಾಳಲ್ಲ, ಹೆಸರಿಸಿದ ವಸ್ತುವೇ. ಅಂದರೆ ಮಾತಿನ ಅರ್ಥವೇ ಬಹುಮಾನ. ೨೦೦೭ರಲ್ಲಿ ಸಾಯುವ ವೇಳೆಗೆ ಆ ಗಿಳಿ ಐವತ್ತರಷ್ಟು ವಸ್ತುಗಳನ್ನೂ ಏಳು ಬಣ್ಣಗಳನ್ನೂ ಹೆಸರಿಸಬಲ್ಲದಾಗಿತ್ತು, ಆರರವರೆಗಿನ ಸಂಖ್ಯೆಗಳನ್ನು ಗುರುತಿಸುತ್ತಿತ್ತು, ಎರಡು ವಸ್ತುಗಳ ಸಾಮ್ಯ ಭೇದಗಳನ್ನು ಹೇಳುತ್ತಿತ್ತು. ಇದೇ ಜಾತಿಯ ಇತರ ಗಿಳಿಗಳು ಧ್ವನಿಮುದ್ರಿಕೆಯನ್ನಷ್ಟೇ ಕೇಳಿದಾಗ ಇಂತಹ ಅರ್ಥಸಹಿತವಾದ ಮಾತನ್ನು ಕಲಿಯಲಿಲ್ಲ. ಬೆಕ್ಕು ಮತ್ತೊಂದು ಬೆಕ್ಕನ್ನು ನೋಡಿ ಕಲಿಯುವುದಿಲ್ಲವೆಂದು ಥಾರ್ನ್‌ಡೈಕ್ ಸಾರಿದ್ದನು. ಪಳಗಿದ ಎತ್ತಿನ ಜೊತೆಗೆ ಎಳೆ ಹೋರಿಯನ್ನು ಹೂಡಿ ಉಳುಮೆ ಕಲಿಸುವ ನಮ್ಮ ರೈತನು ಈ ಮಾತನ್ನು ಕೇಳಿದ್ದರೆ ನಕ್ಕಾನು.

ಅಂದಮೇಲೆ ಕಾಳಿಗಾಗಿ ಕಲಿತ ಗಿಳಿಯೊಂದು, ಗೆಳೆಯರ ನಡುವೆ ಅರ್ಥಕ್ಕಾಗಿ ಕಲಿತ ಗಿಳಿ ಇನ್ನೊಂದು. ಗಾವಠಿ ಶಾಲೆಯ ಜಗಲಿಯ ಮೇಲೆ ಎರಡೂ ಇದ್ದವು. ಅದರ ಸ್ಥಾನಕ್ಕೆ ಬಂದ ಹೊಸ ಶಾಲೆ ಯಾವುದನ್ನು ಉಳಿಸಿಕೊಂಡಿತೆಂಬುದನ್ನು ವಿಚಾರಿಸದೆ ಹಳೆಯದನ್ನು ತೂಗುವುದು ಸರಿಯಲ್ಲ.

ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಧಾರವಾಡ ಸೀಮೆಯಲ್ಲಿ ಅಯ್ಯಗಳ ಮಠಗಳು ಇಂತಹವೇ ಶಾಲೆಗಳಾಗಿದ್ದವು. ಸಾಲಿಮಠವೆಂಬ ಅಡ್ಡಹೆಸರು ಇಂದಿಗೂ ಅದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿ ತೆರೆದ ಸರಕಾರಿ ಶಾಲೆಗಳಲ್ಲಿ ಕನ್ನಡದ ಮಕ್ಕಳು ಮರಾಠಿಯಲ್ಲಿ ಪಾಠ ಒಪ್ಪಿಸಬೇಕಾಗಿತ್ತು. ಗಾವಠಿ ಶಾಲೆಯಲ್ಲಿ ಕಾವ್ಯದ ಭಾಷೆ ಮಾತ್ರ ತಿಳಿಯದಿದ್ದರೆ, ಇಲ್ಲಿ ಲೆಕ್ಕದ ಭಾಷೆಯೂ ತಿಳಿಯದಂತಾಯಿತು. ಶಾಲೆಗಳಿಗೆ ಕನ್ನಡವನ್ನು ತರಲು ವಾಲ್ಟರ್ ಎಲಿಯಟ್ ಮತ್ತು ಅವನ ಅನಂತರ ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟ ಶ್ರಮವನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಚರಿತ್ರೆಯಲ್ಲಿ ಸೇರಿಸುತ್ತೇವೆ. ಕಲಿಕೆಯ ಚರಿತ್ರೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ೧೮೬೦ರ ದಶಕದಿಂದ ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಅನುದಾನ ಕೊಡುವ ನಿಯಮ ಬಂದಾಗ, ತಪಾಸಣೆಗೆ ಬರುವ ಸಾಹೇಬರ ಮುಂದೆ ಒಪ್ಪಿಸುವುದೇ ಗುರುಗಳಿಗೂ ಮಕ್ಕಳಿಗೂ ಪುರುಷಾರ್ಥವಾಯಿತು. ಶಕುನದ ಗಿಳಿಯ ಕಾಳು ಈಗ ಉಪಾಧ್ಯಾಯನಿಗೂ ದೊರೆಯತೊಡಗಿತು. ಮರಳು ಹೋಗಿ ಪಾಟಿ ಬಂದಿತು. ಪಕ್ಕದವನ ಪಾಟಿಯನ್ನು ನೋಡುವುದು ಕಳ್ಳತನವೆನಿಸಿತು.

ಮನಶ್ಶಾಸ್ತ್ರ ನಮ್ಮ ನಾಡಿಗೆ ಬಂದುದೂ ಬಹುಮಟ್ಟಿಗೆ ಒಂಟಿ ಮಗುವಿನ ಶಾಸ್ತ್ರವಾಗಿಯೇ. ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ, ಮುಂಬಯಿ-ಕರ್ನಾಟಕ ಪರಿಷ್ಕರಣವೆಂದು ಪ್ರಸಿದ್ಧವಾದ ಆ ಕೃತಿಯನ್ನು ೧೯೪೦ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ನಮ್ಮ ಮಕ್ಕಳನ್ನು ನಮ್ಮ ಭಾಷೆಯಲ್ಲಿಯೇ ಅಳೆಯಬೇಕೆಂಬ ಅವರ ನಿಲುವು ಶ್ಲಾಘ್ಯವಾದುದು. ಬಿನೆ-ಕಾಮತ್ ಪರೀಕ್ಷೆಯೆಂದು ಅದು ಬಹುಕಾಲ ಬಳಕೆಯಲ್ಲಿ ಉಳಿಯಿತು. ಆದರೆ ಅಲ್ಲಿ ಅಂಕಿಗಳ ಸಾಲನ್ನು ಕೇಳಿ ಮರಳಿ ಹೇಳುವ ಮಗುವಿನ ಎದುರಿಗೆ ಪರೀಕ್ಷಕನೊಬ್ಬನೇ. ಘಟ್ಟದ ಮೇಲಿನ ನಾಲ್ವರು ಸೇರಿ ಎಷ್ಟು ಬಲ್ಲವರಾಗಿದ್ದರೆಂಬುದನ್ನು ಅಳೆಯಲು ಅಂತಹ ಪರೀಕ್ಷೆಯಲ್ಲಿ ಅವಕಾಶವಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಈ ವಿಚಾರವನ್ನು ಬಿಡುವಂತಿಲ್ಲ. ಬಳ್ಳಾರಿಯ ೬,೬೪೧ ವಿದ್ಯಾರ್ಥಿಗಳಲ್ಲಿ ಬಾಲಿಕೆಯರು ೬೦. ಜಿಲ್ಲೆಯ ಜನಸಂಖ್ಯೆ ೯,೨೭,೮೫೭ ಎಂದು ಕ್ಯಾಂಪ್‌ಬೆಲ್ಲನ ಲೆಕ್ಕ. ಅಂದರೆ ಸಾವಿರಕ್ಕೆ ಏಳರಷ್ಟು ಮಂದಿ ಮಾತ್ರ ಶಾಲೆಯಲ್ಲಿದ್ದರು. ಕುಲದ ಕಾರಣದಿಂದ ಜಗಲಿಯನ್ನು ಹತ್ತಲಾಗದವರು ಎಷ್ಟೋ ಮಂದಿ. ಶಾಲೆಯ ಗುಣದೋಷಗಳ ಈ ಚರ್ಚೆಯೆಲ್ಲ ಆ ಏಳು ಮಂದಿಗೆ ಮಾತ್ರ ಸಂಬಂಧಪಟ್ಟುದು. ಉಳಿದವರು ಮಗ್ಗದ ಬಳಿ, ತಿಗರಿಯ ಬಳಿ, ನೇಗಿಲ ಹಿಂದೆ ನೋಡಿ ನೋಡಿ ಕಲಿತರು. ಅವರ ಕಲಿಕೆಯನ್ನು ಯಾವ ಕಲೆಕ್ಟರನೂ ವರದಿ ಮಾಡಲಿಲ್ಲ.

ಏಳೆಂಬ ಸಂಖ್ಯೆಯೂ ಇಳಿಯುತ್ತಿತ್ತು. ಹಿಂದೆ ಶಾಲೆಯಿದ್ದ ಅನೇಕ ಊರುಗಳಲ್ಲಿ ಈಗ ಒಂದೂ ಇಲ್ಲ, ದೊಡ್ಡ ಶಾಲೆಗಳಿದ್ದಲ್ಲಿ ಈಗ ಶ್ರೀಮಂತರ ಕೆಲವು ಮಕ್ಕಳು ಮಾತ್ರ ಉಳಿದಿದ್ದಾರೆ ಎಂದು ಕ್ಯಾಂಪ್‌ಬೆಲ್ ಅದೇ ಪತ್ರದಲ್ಲಿ ಬರೆದನು. ಇದಕ್ಕೆ ಅವನು ಕೊಟ್ಟ ಕಾರಣ ಗಿಳಿಪಾಠವಲ್ಲ, ಬೆತ್ತವೂ ಅಲ್ಲ. ಯುರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಜೀವನೋಪಾಯ ಕುಗ್ಗಿತ್ತು. ನಾಡಿನ ಹಣ ನಾಡಿನಲ್ಲಿ ಉಳಿಯುತ್ತಿರಲಿಲ್ಲ. ಮಧ್ಯಮ ಮತ್ತು ಕೆಳವರ್ಗದ ಜನಕ್ಕೆ ಅಯ್ಯನಿಗೆ ಕೊಡುವ ಅಲ್ಪ ವೇತನವೂ ಭಾರವಾಗಿತ್ತು. ಮಕ್ಕಳ ಎಳೆಯ ಕೈಗಳಿಗೆ ಅತ್ಯಲ್ಪ ಕೆಲಸ ಮಾಡುವ ಶಕ್ತಿ ಬಂದೊಡನೆಯೇ ತಾಯಿತಂದೆಗಳು ಅವರನ್ನು ದುಡಿಮೆಗೆ ಹಚ್ಚುತ್ತಿದ್ದರು.